ಹಳೇ ಯೆಜ್ಡಿ ಬೈಕ್ ಯಾವ ಮಾಡೆಲ್ ಅಂತ ತಿಳಿಯಲು: ಆರ್‌ಸಿ, ನಂಬರ್, ಮೆಕ್ಯಾನಿಕ್ ಕಣ್ಣು, ವರ್ನಿಯರ್

ಪುಣೆಯ ನಾನಾ ಪೇಠದಲ್ಲಿ ಹಳೇ ಗಾಡಿಯ ಸಾಮಾನು ಕೇಳಿದರೆ ಮೊದಲು ಬರುವ ಪ್ರಶ್ನೆ 'ಕುಠಲಂ ಮಾಡೆಲ್?', ಅಂದರೆ ಯಾವ ಮಾಡೆಲ್ ಅಂತ. ಬರೀ ಯೆಜ್ಡಿ ಅಂದರೆ ಸಾಲದು. ಮೈಸೂರಿನ ಐಡಿಯಲ್ ಜಾವಾ 1961ರಿಂದ ಜಾವಾ ಹೆಸರಲ್ಲಿ, 1973ರಿಂದ ಯೆಜ್ಡಿ ಹೆಸರಲ್ಲಿ ಗಾಡಿ ಮಾಡಿ 1996ರಲ್ಲಿ ಬಾಗಿಲು ಹಾಕಿತು. ಅಷ್ಟರಲ್ಲಿ ಬಿ ಟೈಪ್, ಆಯಿಲ್‌ಕಿಂಗ್, ಕ್ಲಾಸಿಕ್, ರೋಡ್‌ಕಿಂಗ್, ಮೊನಾರ್ಕ್ ಅಂತ ಎಷ್ಟೋ ಬಂದು ಹೋದವು. ಬೆಳಗಾವಿಯ ಸೋದರಮಾವ ಕೊಟ್ಟ ನನ್ನ ಗಾಡಿಗೆ ಪಿಸ್ಟನ್ ಬೇಕಿತ್ತು. ಹಾಗಾಗಿ ಜನ ಹೇಳುವ ದಾರಿಗಳನ್ನೆಲ್ಲ ನೋಡಿದೆ.

ಆರ್‌ಸಿ ನೋಡಿದರೆ ಸಾಕು ಅನ್ನುವವರು ಜಾಸ್ತಿ. ನನ್ನದರಲ್ಲಿ ಇರುವುದು ಕಂಪನಿ ಹೆಸರು ಮತ್ತು 250 ಸಿಸಿ ಅಂತ, ಅಷ್ಟೇ. ಇಸವಿ ಗಾಡಿ ತಯಾರಾದದ್ದೋ ನೋಂದಣಿ ಆದದ್ದೋ ಗೊತ್ತಾಗುವುದಿಲ್ಲ. ಆರ್‌ಟಿಓ ಕೆಲಸಕ್ಕೆ ಬೇಕು, ಪಿಸ್ಟನ್‌ಗಲ್ಲ.

ಚಾಸಿಸ್ ಮತ್ತು ಎಂಜಿನ್ ನಂಬರ್ ಇದಕ್ಕಿಂತ ವಾಸಿ. ಸೀಮೆಎಣ್ಣೆಯಲ್ಲಿ ಒರೆಸಿ, ಟಾರ್ಚನ್ನು ಪಕ್ಕದಿಂದ ಹಿಡಿದರೆ ಪೇಂಟ್ ಕೆಳಗಿನ ಅಂಕಿಯೂ ಕಾಣುತ್ತದೆ. ಆದರೆ ಎಂಜಿನ್ ನಂಬರ್ ಹೇಳುವುದು ಅದನ್ನು ಕೆತ್ತಿದ ಎಂಜಿನ್ ಕೇಸಿನ (ಕೆಳಗಿನ ಕವಚದ) ಕಥೆಯನ್ನು ಮಾತ್ರ. ಮೇಲಿನ ಬ್ಯಾರಲ್ (ಸಿಲಿಂಡರ್), ಹೆಡ್, ಕಾರ್ಬುರೇಟರ್ ಯಾವಾಗ ಯಾರು ಬದಲಿಸಿದರೋ, ಅದನ್ನು ಆ ನಂಬರ್ ಹೇಗೆ ಹೇಳೀತು?

ಫೋಟೋ ಇಟ್ಟುಕೊಂಡು ಹೋಲಿಸುವುದು ನನಗೆ ಸರಿ ಬರಲಿಲ್ಲ. ಯೆಜ್ಡಿ ಅಂತ ಹುಡುಕಿದರೆ 2022ರಲ್ಲಿ ಬಂದ ಹೊಸ ಗಾಡಿಗಳೇ ಮೇಲೆ ಬರುತ್ತವೆ. ಅವು ಫೋರ್ ಸ್ಟ್ರೋಕ್, ಟೂ ಸ್ಟ್ರೋಕ್ ಆದ ನಮ್ಮದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹೊರದೇಶದಿಂದ ಸಾಮಾನು ತರಿಸುವವರು ಒಂದು ನೆನಪಿಡಿ: ಜೆಕ್ ಜಾವಾದಲ್ಲಿ 353 ಅಂದರೆ 250 ಸಿಸಿಯ ಒಂದು ಸಿಲಿಂಡರಿನದು, 354 ಅಂದರೆ 350 ಸಿಸಿಯ ಎರಡು ಸಿಲಿಂಡರಿನದು. ಮೈಸೂರಿನ ಮೊದಲ ಗಾಡಿಗಳು 353ರ ವಂಶ.

ಪಿಂಪ್ರಿಯಲ್ಲಿ ನಮ್ಮ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಸುತ್ತ ಒಂದು ಸಲ ತಿರುಗಿ ನೋಡಿ, 'ತಮ್ಮಾ, ಇದು ಒಂದ್ ಗಾಡಿ ಅಲ್ಲ, ಎರಡ್ಮೂರು ಗಾಡಿ ಐತಿ' ಅಂದರು. ಫ್ರೇಮ್ ಒಂದರದು, ಟ್ಯಾಂಕು ಇನ್ನೊಂದರದು. ಆರ್‌ಸಿ, ನಂಬರ್ ಎರಡೂ ಹೇಳದ ವಿಷಯ ಇದು. ಮಾಡೆಲ್ ಯಾವುದು ಅಂತ ಇಡೀ ಗಾಡಿಗೆ ಕೇಳುವುದೇ ದಂಡ, ಪ್ರತಿ ಭಾಗಕ್ಕೂ ಬೇರೆ ಬೇರೆ ಕೇಳಬೇಕು. ಆದರೆ ಎಂಜಿನ್ ಒಳಗೆ ಅವರ ಕಣ್ಣೂ ಹೋಗುವುದಿಲ್ಲ ಅಲ್ವಾ.

ಅದಕ್ಕೇ ನನ್ನ ವೋಟು ವರ್ನಿಯರ್‌ಗೆ, ಅಂದರೆ ಮಿ.ಮೀ.ನ ಭಾಗವನ್ನೂ ಅಳೆಯುವ ಸಲಕರಣೆಗೆ. ಬಿಚ್ಚಿ, ತೊಳೆದು, ಅಳೆಯುವುದು. ಪಿಸ್ಟನ್ ಅಂದರೆ ಬರೀ ಬೋರ್ (ಸಿಲಿಂಡರಿನ ಒಳ ಅಗಲ) ಅಲ್ಲ. 353ರ ಬೋರ್ 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75 ಅನ್ನುವುದು ಎಲ್ಲರಿಗೂ ಗೊತ್ತು, ಆದರೆ ಪಿನ್ನಿನ ದಪ್ಪ, ಪಿನ್ನಿನ ನಡುವಿನಿಂದ ಪಿಸ್ಟನ್ ತಲೆವರೆಗಿನ ಎತ್ತರ, ಕೆಳಗಿನ ಸ್ಕರ್ಟಿನ ಉದ್ದ, ರಿಂಗಿನ ದಪ್ಪ, ರಿಂಗ್ ತಿರುಗದಂತೆ ಹಿಡಿಯುವ ಸಣ್ಣ ಮೊಳೆ ಎಲ್ಲಿದೆ, ಇವನ್ನೆಲ್ಲ ಬರೆದುಕೊಳ್ಳಬೇಕು. ಈ ಟೂ ಸ್ಟ್ರೋಕಿನಲ್ಲಿ ವಾಲ್ವ್ ಇಲ್ಲ, ಪೋರ್ಟ್ (ಸಿಲಿಂಡರ್ ಗೋಡೆಯ ಕಿಂಡಿ) ತೆರೆದು ಮುಚ್ಚುವುದು ಪಿಸ್ಟನ್ನೇ. ಸ್ಕರ್ಟ್ ಸ್ವಲ್ಪ ಗಿಡ್ಡ ಆದರೂ ಟೈಮಿಂಗ್ ಹೋಯಿತು. ಮೊಳೆ ತಪ್ಪು ಜಾಗದಲ್ಲಿದ್ದರೆ ರಿಂಗಿನ ತುದಿ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ. ಹಳೇ ಪಿಸ್ಟನ್ ತಲೆ ಮೇಲೆ 0.50 ಅಂತಿದ್ದರೆ ಆಗಲೇ ಅರ್ಧ ಮಿ.ಮೀ. ಓವರ್‌ಸೈಜ್ ಆಗಿದೆ. ಮತ್ತೆ ಬೋರ್ ಮಾಡಿಸುವುದಾದರೆ (ಸಿಲಿಂಡರ್ ಕೊರೆಸಿ ಅಗಲ ಮಾಡಿಸುವುದು) ಪಿಸ್ಟನ್ ಕೈಗೆ ಬಂದ ಮೇಲೆ, ಅದಕ್ಕೆ ತಕ್ಕಂತೆ ಮಾಡಿಸಿ.

ಬೇರಿಂಗ್‌ಗೆ ಮಾಡೆಲ್ಲೇ ಬೇಡ, ನಂಬರ್ ಅದರ ಮೇಲೇ ಇರುತ್ತದೆ. 6204 ಅಂದರೆ ಒಳಗೆ 20, ಹೊರಗೆ 47, ಅಗಲ 14 ಮಿ.ಮೀ., ಯಾವ ಬೇರಿಂಗ್ ಅಂಗಡಿಯಲ್ಲಾದರೂ ಅದೇ. ಆಯಿಲ್ ಸೀಲಿಗೂ ಮೂರು ಅಳತೆ ಸಾಕು.

ವರ್ನಿಯರಿಗೂ ತೊಂದರೆ ಇದೆ: ಎಂಜಿನ್ ಬಿಚ್ಚಿ ಕೂರಬೇಕು, ಸವೆದ ಭಾಗ ಸುಳ್ಳು ಅಳತೆ ಕೊಡುತ್ತದೆ. ಅದಕ್ಕೆ ಹಳೇ ಪಾರ್ಟ್ಸ್ ಪುಸ್ತಕದ ಚಿತ್ರ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ಕೇಬಲ್, ರಬ್ಬರ್, ಲಿವರ್‌ಗಳಿಗೆ ಇಷ್ಟೆಲ್ಲ ಮಾಡಬೇಡಿ. ಹಳೇದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಕೌಂಟರ್ ಮೇಲಿಡಿ, ಮಾಡೆಲ್ ಹೆಸರು ಹೇಳಲೇಬೇಡಿ.