ಭತ್ತದ ಸೀಮೆಯ ಪಿಕಪ್‌ಗೆ ಎಷ್ಟು ಎತ್ತರ, ಯಾವ ಗೇರಿಂಗ್: ಲಿಫ್ಟ್ ಕಿಟ್‌ನ ದೀರ್ಘಕಾಲದ ಬಳಕೆಯ ವಿಮರ್ಶೆ

ಕೊಪ್ಪಳ ಜಿಲ್ಲೆಯ ಕಾರಟಗಿ ಸುತ್ತಲಿನ ನಮ್ಮ ಗದ್ದೆಗಳಿಗೆ ಗೊಬ್ಬರ, ಬೀಜ, ಡೀಸೆಲ್ ಪಂಪು ಸಾಗಿಸುವ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್‌ಗೆ 50 ಮಿ.ಮೀ. ಎತ್ತರದ ಆಮದು ಲಿಫ್ಟ್ ಕಿಟ್ (ಗಾಡಿಯನ್ನು ಮೇಲೆತ್ತುವ ಸ್ಪ್ರಿಂಗ್, ಶಾಕ್‌ಗಳ ಸೆಟ್) ಮತ್ತು 265/70 ಆರ್16 ಅಳತೆಯ (265 ಮಿ.ಮೀ. ಅಗಲ, ಅದರ ಶೇ. 70ರಷ್ಟು ಪಕ್ಕದ ಎತ್ತರ, 16 ಇಂಚಿನ ರಿಮ್) ಆಲ್-ಟೆರೇನ್ ಟೈರುಗಳನ್ನು ಹಾಕಿಸಿ ಹಲವು ಮುಂಗಾರುಗಳು ಕಳೆದಿವೆ. 2016ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮಾದರಿಯ ಗಾಡಿ ಇದು. 2.5 ಲೀಟರ್ ಡೀಸೆಲ್ ಎಂಜಿನ್, ಐದು ಗೇರಿನ ಬಾಕ್ಸ್, ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಲೀಫ್ (ಪಟ್ಟಿ) ಸ್ಪ್ರಿಂಗ್, ಕಂಪನಿಯಿಂದ ಬಂದ ಟೈರು 245/70 ಆರ್16. ಕಿಟ್ ಕೊಳ್ಳುವವರು ಮೊದಲು ಕೇಳುವುದು ಗಾಡಿ ಎಷ್ಟು ಇಂಚು ಏರುತ್ತದೆ ಎಂದು. ನನ್ನ ಅನುಭವದಲ್ಲಿ ಮೊದಲು ಕೇಳಬೇಕಾದದ್ದು ಸ್ಪ್ರಿಂಗ್ ಎಷ್ಟು ತೂಕಕ್ಕೆ ಮಾಡಿದ್ದು ಎಂಬುದು, ಅದರ ನಂತರ ಟೈರಿನ ಹೊಸ ವ್ಯಾಸವನ್ನು ಗೇರು ತಾಳುತ್ತದೆಯೇ ಎಂಬುದು. ಎತ್ತರದ ಪ್ರಶ್ನೆ ಬರಬೇಕಾದದ್ದು ಇವೆರಡರ ಹಿಂದೆ.

ನಮ್ಮ ಎರೆಭೂಮಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಹೆಚ್ಚು. ನೀರು ಕುಡಿದರೆ ಅದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಹಸಿಯಿದ್ದಾಗ ಟೈರಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ತುಂಗಭದ್ರಾ ಎಡದಂಡೆಯ ಉಪಕಾಲುವೆಗಳ ಪಕ್ಕದ ದಾರಿಗಳಲ್ಲಿ ಕೊಯ್ಲಿನ ಕಾಲಕ್ಕೆ ಭತ್ತ ಹೇರಿದ ಟ್ರ್ಯಾಕ್ಟರುಗಳು ಓಡಾಡಿ ಎರಡು ಆಳವಾದ ಜಾಡುಗಳು ಬೀಳುತ್ತವೆ, ಅವುಗಳ ನಡುವೆ ದಿಬ್ಬ ನಿಲ್ಲುತ್ತದೆ. ಆ ದಿಬ್ಬಕ್ಕೆ ಮೊದಲು ತಾಗುವುದು ಹಿಂದಿನ ಡಿಫರೆನ್ಷಿಯಲ್ ಹೌಸಿಂಗ್, ಅಂದರೆ ಹಿಂದಿನ ಆಕ್ಸಲ್ (ಅಚ್ಚು) ನಡುವಿರುವ ಗೇರುಗಳ ಗೂಡು. ಲಿಫ್ಟ್ ಕಿಟ್ ಚಾಸಿಯನ್ನೂ ಬಾಡಿಯನ್ನೂ ಆಕ್ಸಲ್‌ನಿಂದ ಮೇಲೆತ್ತುತ್ತದೆಯೇ ಹೊರತು ಆಕ್ಸಲ್ಲನ್ನು ನೆಲದಿಂದ ಒಂದು ಮಿಲಿಮೀಟರ್ ಕೂಡ ಎತ್ತುವುದಿಲ್ಲ. ಹೌಸಿಂಗ್ ಮೇಲೇರುವುದು ಟೈರಿನಿಂದ ಮಾತ್ರ, ಅದೂ ವ್ಯಾಸದಲ್ಲಿ ಹೆಚ್ಚಿದ್ದರ ಅರ್ಧದಷ್ಟು. 245/70ರ ವ್ಯಾಸ ಸುಮಾರು 749 ಮಿ.ಮೀ., 265/70ರದ್ದು 777, 265/75ರದ್ದು 804. ಅಂದರೆ ನನ್ನ ಟೈರಿನಿಂದ ಹೌಸಿಂಗ್‌ಗೆ ಸಿಕ್ಕದ್ದು 14 ಮಿ.ಮೀ.; ಅದಕ್ಕಿಂತ ದೊಡ್ಡದು ಹಾಕಿದ್ದರೆ 27 ಸಿಗುತ್ತಿತ್ತು. ಹಾಗಾದರೆ ಕಿಟ್ ಏಕೆ ಬೇಕು ಎಂದರೆ, ಭಾರ ಹೇರಿದಾಗ ಹಿಂಭಾಗ ಕುಸಿದು ಬಂಪ್ ಸ್ಟಾಪ್‌ಗೆ (ಕುಸಿತದ ಕೊನೆಯ ರಬ್ಬರ್ ತಡೆಗೆ) ಬಡಿಯದಿರಲು, ಮುಂದಿನ ಬಂಪರ್ ಕಾಲುವೆಯ ಏರಿಗೆ ಕೊರೆಯದಿರಲು, ಮತ್ತು ಮೆತ್ತಿಕೊಂಡ ಎರೆಮಣ್ಣು ಮಡ್‌ಗಾರ್ಡ್ ಒಳಗೆ ಗಟ್ಟಿಯಾಗಿ ತುಂಬಿ ಚಕ್ರವನ್ನೇ ಹಿಡಿಯದಂತೆ ಜಾಗ ಬಿಡಲು. ಈ ಕೊನೆಯ ಲಾಭವನ್ನು ಮಾರುವವರು ಹೇಳುವುದಿಲ್ಲ, ನಮ್ಮ ಭಾಗದವರಿಗೆ ದೊಡ್ಡದು ಅದೇ.

ಹಿಂದಿನ ಸ್ಪ್ರಿಂಗ್‌ನ ಆಯ್ಕೆಯಲ್ಲಿ ಬಹಳ ಯೋಚಿಸಿದೆ. ಒಳ್ಳೆಯ ಕಿಟ್‌ಗಳಲ್ಲಿ ಒಂದೇ ಎತ್ತರಕ್ಕೆ ಎರಡು-ಮೂರು ದರ್ಜೆಯ ಲೀಫ್ ಸೆಟ್‌ಗಳಿರುತ್ತವೆ: ಖಾಲಿ ಓಡುವ ಗಾಡಿಗೆ ಒಂದು, ಸದಾ ಮಧ್ಯಮ ಭಾರ ಹೊರುವುದಕ್ಕೆ ಇನ್ನೊಂದು, ಹೆಚ್ಚಿನ ಭಾರಕ್ಕೆ ಮತ್ತೊಂದು. ಡಿಎಪಿ ಚೀಲ 50 ಕೆ.ಜಿ., ಯೂರಿಯಾ ಚೀಲ 45 ಕೆ.ಜಿ.; ಹತ್ತು ಚೀಲ ಹೇರಿದರೆ ಅರ್ಧ ಟನ್ನಿನ ಆಸುಪಾಸು. ಆದರೆ ಹೋಗುವಾಗ ಭಾರ, ಬರುವಾಗ ಖಾಲಿ. ಅತಿ ಗಟ್ಟಿಯಾದ ಸೆಟ್ ಹಾಕಿದ ಗಾಡಿಯನ್ನು ಖಾಲಿಯಾಗಿ ಓಡಿಸಿ ನೋಡಿದ್ದೇನೆ. ಕಿತ್ತುಹೋದ ಡಾಂಬರಿನ ತಿರುವಿನಲ್ಲಿ ಹಿಂದಿನ ಚಕ್ರಗಳು ನೆಲ ಬಿಟ್ಟು ಕುಪ್ಪಳಿಸಿ ಗಾಡಿ ಪಕ್ಕಕ್ಕೆ ಜಾರುತ್ತದೆ. ಹೀಗಾಗಿ ಮಧ್ಯಮ ದರ್ಜೆಯನ್ನು ಆರಿಸಿದೆ. ಹಿಂದೆ ಆಕ್ಸಲ್ ಮತ್ತು ಲೀಫ್‌ಗಳ ನಡುವೆ ಬರೀ ಬ್ಲಾಕ್ ಇಟ್ಟು ಎತ್ತರಿಸುವ ಅಗ್ಗದ ವಿಧಾನವೂ ಇದೆ. ಅದರಲ್ಲಿ ಭಾರ ಹೊರುವ ಶಕ್ತಿ ಸ್ವಲ್ಪವೂ ಹೆಚ್ಚುವುದಿಲ್ಲ, ಜೊತೆಗೆ ಕೆಸರಿನಿಂದ ಗಾಡಿ ಎಳೆಯುವಾಗ ಆಕ್ಸಲ್ ತಿರುಚಿಕೊಂಡು ಲೀಫ್‌ಗಳನ್ನು ಬಾಗಿಸುವ ಬಲ ಹೆಚ್ಚುತ್ತದೆ. ಹೊಲಕ್ಕೆ ಹೋಗುವ ಗಾಡಿಗೆ ನಾನು ಅದನ್ನು ಖಂಡಿತ ಹೇಳುವುದಿಲ್ಲ.

ಮುಂಭಾಗದಲ್ಲಿ ಸ್ಪೇಸರ್ (ಹಳೆಯ ಕಾಯಿಲ್ ಮೇಲೆ ಇಡುವ ಬಿಲ್ಲೆ) ಬೇಡ, ಹೊಸ ಕಾಯಿಲ್ ಮತ್ತು ಅದಕ್ಕೆ ಹೊಂದುವ ಉದ್ದದ ಶಾಕ್ ಅಬ್ಸಾರ್ಬರ್ ಇರಲಿ. ಕಬ್ಬಿಣದ ಬಂಪರ್ ಅಥವಾ ವಿಂಚ್ ಇಲ್ಲದ ಗಾಡಿಗೆ ಅವುಗಳ ತೂಕಕ್ಕೆಂದು ಮಾಡಿದ ಕಾಯಿಲ್ ಹಾಕಿದರೆ ಮೂತಿ ಮೇಲೆದ್ದು, ಸಣ್ಣ ಗುಂಡಿಯಲ್ಲೂ ಶಾಕ್ ಪೂರ್ತಿ ಚಾಚಿಕೊಂಡು ಟಣ್ ಎಂದು ಬಡಿಯುತ್ತದೆ. ಸ್ವತಂತ್ರ ಸಸ್ಪೆನ್ಷನ್ ಇರುವ ಇಂಥ ಗಾಡಿಗೆ 50 ಮಿ.ಮೀ. ಸುರಕ್ಷಿತ ಮಿತಿ, ಅದರಾಚೆಗೆ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್‌ನ ಸಿವಿ ಜಾಯಿಂಟ್ (ಬಾಗಿಯೂ ತಿರುಗುವ ಕೀಲು) ತೀರಾ ಓರೆಯಾಗಿ ದುಡಿದು ಬೇಗ ಸವೆಯುತ್ತದೆ, ಮೇಲಿನ ಬಾಲ್ ಜಾಯಿಂಟ್ ಕೂಡ ತನ್ನ ಕೊನೆಯ ಅಂಚಿಗೆ ಬರುತ್ತದೆ.

ಇನ್ನು ಗೇರಿಂಗ್. ಟೈರಿನ ವ್ಯಾಸ ಹೆಚ್ಚಿದಷ್ಟೂ ಚಕ್ರದಲ್ಲಿ ಸಿಗುವ ಎಳೆತ ಕಡಿಮೆಯಾಗುತ್ತದೆ. 265/70ರಲ್ಲಿ ವ್ಯಾಸ ಶೇ. 3.7ರಷ್ಟು, 265/75ರಲ್ಲಿ ಶೇ. 7.3ರಷ್ಟು ಹೆಚ್ಚು. ಇದನ್ನು ಸರಿದೂಗಿಸಬೇಕೆಂದರೆ ಕ್ರೌನ್-ಪಿನಿಯನ್ (ಡಿಫರೆನ್ಷಿಯಲ್ ಒಳಗಿನ ಗೇರು ಜೋಡಿ) ಅನುಪಾತವನ್ನು ಅಷ್ಟೇ ಪ್ರಮಾಣದಲ್ಲಿ ಏರಿಸಬೇಕು, ಉದಾಹರಣೆಗೆ 4.10 ಇರುವ ಗಾಡಿಗೆ ಮೊದಲ ಟೈರಿಗಾದರೆ 4.25, ಎರಡನೆಯದಕ್ಕೆ 4.40. ಫೋರ್ ವೀಲ್ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಎರಡೂ ಡಿಫರೆನ್ಷಿಯಲ್‌ಗಳಲ್ಲಿ ಒಂದೇ ಅನುಪಾತ ಇರಲೇಬೇಕು, ಇಲ್ಲವಾದರೆ ಎರಡು ಆಕ್ಸಲ್‌ಗಳು ಒಂದನ್ನೊಂದು ಎಳೆದಾಡಿ, ಅವೆರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸನ್ನು ಹಾಳುಮಾಡುತ್ತವೆ. ಅದಲ್ಲದೆ ಹಲ್ಲುಗಳ ನಡುವಿನ ಬಿಡುವನ್ನು, ಅವು ಒಂದಕ್ಕೊಂದು ಕೂರುವ ಜಾಗವನ್ನು ಬಣ್ಣ ಹಚ್ಚಿ ನೋಡಿ ಹೊಂದಿಸುವ ಕೈ ಬೇಕು. ಅದು ತಪ್ಪಿದರೆ ಡಿಫರೆನ್ಷಿಯಲ್ ಊಳಿಡಲು ಆರಂಭಿಸುತ್ತದೆ.

ನಿಧಾನ ವೇಗದಲ್ಲಿ ಹೆಚ್ಚು ಎಳೆತ ಕೊಡುವ ಲೋ ರೇಂಜ್ (4ಎಲ್) ಇದೆಯಲ್ಲ, ಅನುಪಾತದ ಚಿಂತೆ ಏಕೆ ಎಂದು ಹಲವರು ಕೇಳುತ್ತಾರೆ. ಹಸಿ ಗದ್ದೆಯ ದಾರಿಯಲ್ಲಿ ಆ ಮಾತು ಸರಿ. 4ಎಲ್‌ಗೆ ಹಾಕಿದರೆ ದೊಡ್ಡ ಟೈರೂ ಭಾರವೆನ್ನಿಸುವುದಿಲ್ಲ. ಆದರೆ ಈ ಗಾಡಿಯಲ್ಲಿ, ಮುಂದಿನ-ಹಿಂದಿನ ಆಕ್ಸಲ್‌ಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ಇಲ್ಲದ ಕಾರಣ ಒಣ ಡಾಂಬರಿನ ಮೇಲೆ ಲೋ ರೇಂಜ್ ಬಳಸುವಂತಿಲ್ಲ, ಬಳಸಿದರೆ ತಿರುವಿನಲ್ಲಿ ಇಡೀ ಡ್ರೈವ್‌ಲೈನ್ ಬಿಗಿದುಕೊಳ್ಳುತ್ತದೆ. ಸಂಡೂರಿನ ಏರಿನಲ್ಲಿ ಅದಿರು ಲಾರಿಯ ಹಿಂದೆ ಭಾರ ಹೇರಿಕೊಂಡು ನಿಂತು-ಹೊರಟು ಏರುವಾಗ ಸಿಗುವುದು ಮೊದಲ ಗೇರು ಮಾತ್ರ. ಈ ಎಂಜಿನ್ 320 ಎನ್‌ಎಂ ಟಾರ್ಕ್ ಕೊಡುವುದು 1,800 ಆರ್‌ಪಿಎಂನಿಂದ. ಅದಕ್ಕಿಂತ ಕೆಳಗೆ ಗಾಡಿ ಸೋಮಾರಿಯಾಗುತ್ತದೆ, ಚಾಲಕ ಕ್ಲಚ್ಚನ್ನು ಅರ್ಧ ಹಿಡಿದು ಸುಡುತ್ತಾನೆ. ಶೇ. 3.7ರ ಕೊರತೆಯನ್ನು ನಾನು ಐದನೆಯ ಗೇರಿನಿಂದ ನಾಲ್ಕಕ್ಕೆ ಸ್ವಲ್ಪ ಮೊದಲೇ ಇಳಿಸಿ ನಿಭಾಯಿಸಿದ್ದೇನೆ, ಕ್ಲಚ್ ಪ್ಲೇಟ್ ಇನ್ನೂ ಕಂಪನಿಯದೇ. 265/75 ಹಾಕಿಸುವವರು ಕ್ರೌನ್-ಪಿನಿಯನ್ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಆ ಖರ್ಚು ಬೇಡವೆಂದರೆ 265/70ಕ್ಕೆ ನಿಲ್ಲಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಳಕೆಯಲ್ಲಿ ಕಂಡ ದೋಷಗಳೂ ಇವೆ. ಮೊದಲ ಬೇಸಿಗೆ ಮುಗಿಯುವಷ್ಟರಲ್ಲಿ ಹಿಂದಿನ ಲೀಫ್‌ಗಳು ಕೊಂಚ ಕುಳಿತವು, ಅದು ಸಹಜ. ಮುಂದಿನ ಒಂದು ಶಾಕ್‌ನ ಸೀಲ್‌ನಿಂದ ಎಣ್ಣೆ ಜಿನುಗಿತು. ಗ್ಯಾರಂಟಿಯಲ್ಲಿ ಬದಲಿ ಕೊಟ್ಟರಾದರೂ ಭಾಗ ಬರುವವರೆಗೆ ಗಾಡಿ ನಿಂತಿತ್ತು. ಕೆಂಪು ದೂಳು ಲೀಫ್ ಬುಷ್‌ಗಳಿಗೆ ಹೊಕ್ಕು ಕಿರ್ರೆನ್ನುತ್ತದೆ, ಆದ್ದರಿಂದ ಗ್ರೀಸ್ ನಿಪ್ಪಲ್ ಇರುವ ಪಿನ್ನುಗಳನ್ನೇ ಕೇಳಿ ಪಡೆಯಬೇಕು. ಲೀಫ್‌ಗಳನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳನ್ನು ಮೊದಲ ಸಾವಿರ ಕಿ.ಮೀ. ಒಳಗೆ ಮತ್ತೆ ಬಿಗಿಸಲೇಬೇಕು, ವೀಲ್ ಅಲೈನ್‌ಮೆಂಟ್ ಮತ್ತು ಹೆಡ್‌ಲೈಟಿನ ಕೋನವನ್ನು ಅದೇ ದಿನ ಸರಿಪಡಿಸಬೇಕು. ಹಿಂದಿನ ಆಕ್ಸಲ್‌ಗೆ ಲೋಡ್ ಸೆನ್ಸಿಂಗ್ ವಾಲ್ವ್ ಇರುವ ಗಾಡಿಗಳಲ್ಲಿ ಅದರ ಕಡ್ಡಿಯನ್ನು ಹೊಂದಿಸದಿದ್ದರೆ, ಎತ್ತರಿಸಿದ ಗಾಡಿ ಸದಾ ಖಾಲಿಯಿದೆ ಎಂದು ವಾಲ್ವ್ ತಿಳಿದು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಭಾರ ಹೊರುವವರು ಇದನ್ನು ಮರೆಯಬಾರದು.

ಚೀಲ ಹೇರುವ ಹಮಾಲರ ಮಾತನ್ನೂ ಇಲ್ಲಿ ಬರೆಯಬೇಕು. "ಸಾವ್ಕಾರ್ರ, ಗಾಡಿ ಎತ್ತರ ಆಗೇತ್ರಿ, ಚೀಲ ಒಂದ್ ದಮ್ಮಿಗೆ ಏರವಲ್ದು" ಎಂದು ಮೊದಲ ವಾರವೇ ಹೇಳಿದರು. ಟೈಲ್‌ಗೇಟ್ ಎರಡು ಇಂಚಿಗೂ ಹೆಚ್ಚು ಮೇಲೇರಿದ್ದು ಓಡಿಸುವವನಿಗೆ ತಿಳಿಯುವುದಿಲ್ಲ, ಬೆನ್ನ ಮೇಲೆ 50 ಕೆ.ಜಿ. ಹೊತ್ತವನಿಗೆ ತಿಳಿಯುತ್ತದೆ. ಈಗ ಗೋದಾಮಿನ ಮುಂದೆ ಒಂದು ಹಲಗೆಯ ಮೆಟ್ಟಿಲು ಮಾಡಿಸಿದ್ದೇವೆ.

ಕಾನೂನನ್ನು ವಿಚಾರಿಸದೆ ಹಣ ಕೊಡಬೇಡಿ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ, ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಕಿಟ್ ಮತ್ತು ಟೈರಿನ ಅಳತೆಯನ್ನು ಬರೆದು ಆರ್‌ಟಿಒ ಕಚೇರಿಯನ್ನೂ ವಿಮಾ ಕಂಪನಿಯನ್ನೂ ಮೊದಲೇ ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆದ ಮೇಲೆಯೇ ಮುಂಗಡ ಕೊಡುವುದು ಒಳಿತು.