ಎರಡು ಇಂಜಿನ್, ಒಂದು ರೈಲು: ಡಿಸಿ ಸಾಕಾ, ಡಿಸಿಸಿ ಬೇಕಾ?

ಮಾದರಿ ರೈಲಿನ ಎರಡು ಇಂಜಿನ್‌ಗಳಿಗೆ ಒಂದೇ ವೋಲ್ಟೇಜ್ ಕೊಟ್ಟರೂ ಅವು ಒಂದೇ ವೇಗದಲ್ಲಿ ಓಡುವುದಿಲ್ಲ. ಮೋಟರ್ ಬೇರೆ, ಗೇರ್ ಅನುಪಾತ ಬೇರೆ. ಜೋಡಿಸಿದರೆ ಒಂದು ಎಳೆಯುತ್ತದೆ, ಇನ್ನೊಂದರ ಚಕ್ರ ಜಾರುತ್ತದೆ.

ಡಿಸಿಯಲ್ಲಿ, ಅಂದರೆ ಹಳಿಗೆ ನೇರ ವಿದ್ಯುತ್ ಕೊಟ್ಟು ಓಡಿಸುವ ಪದ್ಧತಿಯಲ್ಲಿ, ಹಳಿಯ ವೋಲ್ಟೇಜೇ ವೇಗ. ವೇಗದ ಇಂಜಿನ್ನಿನ ಮೋಟರ್‌ಗೆ ಸರಣಿಯಲ್ಲಿ, ಒಂದಕ್ಕೊಂದು ಸಮಾಂತರವಾಗಿ, ವಿರುದ್ಧ ದಿಕ್ಕಿಗೆ ಮುಖ ಮಾಡಿದ ಎರಡು ಡಯೋಡ್‌ಗಳ (ಒಂದೇ ದಿಕ್ಕಿಗೆ ವಿದ್ಯುತ್ ಬಿಡುವ ಬಿಡಿಭಾಗ) ಜೋಡಿ ಹಾಕಬಹುದು. ಪ್ರತಿ ಜೋಡಿ ಸುಮಾರು 0.7 ವೋಲ್ಟ್ ತಗ್ಗಿಸುತ್ತದೆ. ಖರ್ಚು ತೀರಾ ಕಡಿಮೆ. ಆದರೆ ಒಂದು ವೇಗದಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಹೊಂದುತ್ತದೆ ಅಂತೇನಿಲ್ಲ.

ಡಿಸಿಸಿಯಲ್ಲಿ, ಅಂದರೆ ಹಳಿಯ ಮೂಲಕ ಪ್ರತಿ ಇಂಜಿನ್ನಿಗೂ ಬೇರೆ ಬೇರೆ ಡಿಜಿಟಲ್ ಆಜ್ಞೆ ಕಳಿಸುವ ಪದ್ಧತಿಯಲ್ಲಿ, ಪ್ರತಿ ಇಂಜಿನ್ನಿನೊಳಗೂ ಡಿಕೋಡರ್ (ಆ ಆಜ್ಞೆ ಓದಿ ಮೋಟರ್ ನಡೆಸುವ ಪುಟ್ಟ ಸರ್ಕ್ಯೂಟ್) ಇರುತ್ತದೆ. ಅದರ ಸೆಟ್ಟಿಂಗ್‌ಗಳಿಗೆ ಸಿವಿ ಎಂದು ಹೆಸರು: ಸಿವಿ 2 ಶುರುವಿನ ವೋಲ್ಟೇಜ್, ಸಿವಿ 5 ಗರಿಷ್ಠ, ಸಿವಿ 6 ನಡುವಿನದು. ಸಾಮಾನ್ಯವಾಗಿ ಈ ಮೂರೇ ಸಾಕು. ಇನ್ನೂ ನಾಜೂಕು ಬೇಕಿದ್ದರೆ ಸಿವಿ 67ರಿಂದ 94ರವರೆಗೆ 28 ಹಂತಗಳ ಪಟ್ಟಿಯಿದೆ. ಅದನ್ನು ಕೈಯಲ್ಲಿ ತುಂಬುತ್ತಾ ಕೂತರೆ ಭಾನುವಾರ ಮುಗಿದೇ ಹೋಗುತ್ತದೆ! ಬ್ಯಾಕ್-ಇಎಂಎಫ್ (ಮೋಟರ್ ತಿರುಗುವಾಗ ತಾನೇ ಹುಟ್ಟಿಸುವ ವೋಲ್ಟೇಜ್ ಅಳೆದು ವೇಗ ಅರಿಯುವ ಸೌಲಭ್ಯ) ಇರುವ ಡಿಕೋಡರ್ ಹೊರೆ ಬದಲಾದರೂ ವೇಗ ಕಾಯುತ್ತದೆ. ಆದರೆ ವೇಗ ಹೊಂದಿಸದ ಜೋಡಿಯಲ್ಲಿ ಇದೇ ಗುಣ ಜಗಳ ಹಚ್ಚುತ್ತದೆ.

ಯಾವುದನ್ನೇ ಆರಿಸಿ, ವೇಗದ್ದನ್ನೇ ನಿಧಾನ ಮಾಡಿ. ಅಳೆಯುವ ಮುನ್ನ ಇಂಜಿನ್ ಸ್ವಲ್ಪ ಓಡಿ ಬಿಸಿಯಾಗಲಿ. ಎಚ್‌ಒ ಎಂಬ ಮಾದರಿ ಅಳತೆ ಅಂದರೆ 1:87. ನಿಜವಾದ ರೈಲಿನ ಗಂಟೆಗೆ 60 ಕಿ.ಮೀ. ಎಂದರೆ ಅಲ್ಲಿ 2 ಮೀಟರ್‌ಗೆ ಸುಮಾರು 10.4 ಸೆಕೆಂಡ್. ಅಳೆಯಲು ಮೊಬೈಲಿನ ಸ್ಟಾಪ್‌ವಾಚ್ ಸಾಕು.

ಒಂದೇ ಕಂಪನಿಯ ಒಂದೇ ಮಾದರಿಯ ಜೋಡಿಯಿದ್ದರೆ ಡಿಸಿ ಸಾಕು, ಸುಮ್ನೆ ದುಡ್ಡು ಹಾಕಬೇಡಿ. ಬೇರೆ ಬೇರೆ ಕಂಪನಿಯವನ್ನು ಬೆರೆಸುವ ಆಸೆಯಿದ್ದರೆ ಡಿಸಿಸಿಗೇ ಹೋಗಿ.