ಎಂಜಿನ್ ಬಡಿತಕ್ಕೆ ದಪ್ಪ ಆಯಿಲ್ ಮದ್ದಲ್ಲ: ಹಳೆಯ ಕಾರು ಇರುವವರಿಗೊಂದು ಎಚ್ಚರಿಕೆ

ಹಳೆಯ ಕಾರಿನ ಎಂಜಿನ್ನಿನಲ್ಲಿ ಬಡಿತ ಕೇಳಿಸತೊಡಗಿದರೆ, ಅದು ಎಲ್ಲಿಂದ ಬರುತ್ತಿದೆಯೆಂದು ಖಚಿತವಾಗುವ ಮೊದಲು ದಪ್ಪ ಆಯಿಲ್ ಹಾಕಿಸಲು ದಯವಿಟ್ಟು ಒಪ್ಪಬೇಡಿ. ನಾನು ಒಪ್ಪಿದೆ, ಎರಡು ತಿಂಗಳೊಳಗೆ ಎಂಜಿನ್ ಕಳೆದುಕೊಂಡೆ.

ನಮ್ಮ ಮನೆ ಪೆರ್ಲದ ಸಮೀಪ. ಕಾರು 2009ರ ಪೆಟ್ರೋಲ್ ಮಾದರಿಯದು, ಓಡಿದ್ದು 1,83,000 ಕಿಲೋಮೀಟರ್. ನಿವೃತ್ತನಾದ ಮೇಲೆ ಬೆಳಗ್ಗೆ ಹಾಲಿನ ಸೊಸೈಟಿಗೆ, ಸಂಜೆ ಪೇಟೆಗೆ ಎಂದು ಎರಡು ಮೂರು ಕಿಲೋಮೀಟರಿನ ಓಟವೇ ಹೆಚ್ಚಾಗಿತ್ತು. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ನಿಲ್ಲಿಸುವ ಇಂತಹ ಓಟದಲ್ಲಿ ಆಯಿಲಿಗೆ ಸೇರಿದ ನೀರಿನಂಶವೂ ಪೆಟ್ರೋಲೂ ಆವಿಯಾಗಿ ಹೋಗದೆ ಒಳಗೆ ಕೆಸರು ಕಟ್ಟುತ್ತದೆ. ನಾನು ಕಿಲೋಮೀಟರ್ ಲೆಕ್ಕದಲ್ಲಿ ಆಯಿಲ್ ಬದಲಿಸುತ್ತಿದ್ದೆನೇ ಹೊರತು ತಿಂಗಳುಗಳ ಲೆಕ್ಕ ಇಟ್ಟಿರಲಿಲ್ಲ.

ಒಂದು ದಿನ ಬದಿಯಡ್ಕದಿಂದ ಮರಳುವಾಗ, ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿದ ಕೂಡಲೇ ಎಂಜಿನ್ನಿನ ಕೆಳಭಾಗದಿಂದ, ಕೊಡತಿಯಿಂದ ಹಲಗೆಗೆ ಹೊಡೆದಂತಹ ಮಂದವಾದ ಸದ್ದು ಕೇಳಿಸಿತು. ಮರುದಿನ ಗ್ಯಾರೇಜಿನಲ್ಲಿ, ಎಂಜಿನ್ ಇನ್ನೂ ತಣ್ಣಗಿರುವಾಗಲೇ ಅರ್ಧ ನಿಮಿಷ ಕಿವಿಗೊಟ್ಟ ಮೆಕ್ಯಾನಿಕ್, "ಟ್ಯಾಪೆಟ್ ಸದ್ದು ಮಾಷ್ಟ್ರೇ, ಹಳೇ ಗಾಡಿಯಲ್ಲವಾ" ಎಂದರು. ಎಂಜಿನ್ನಿನ ಮೇಲ್ಭಾಗದಲ್ಲಿ ವಾಲ್ವುಗಳನ್ನು ಒತ್ತುವ ಟ್ಯಾಪೆಟ್ ಎಂಬ ಭಾಗಗಳನ್ನು ಸರಿಪಡಿಸಿದರೂ ಸದ್ದು ಹೋಗಲಿಲ್ಲ. ಮುಂದಿನ ವಾರ, ಕಾರಿನ ಪುಸ್ತಕದಲ್ಲಿ 5ಡಬ್ಲ್ಯು-30 ಎಂದು ಸ್ಪಷ್ಟವಾಗಿ ಬರೆದಿದ್ದರೂ ಅದಕ್ಕಿಂತ ದಪ್ಪನಾದ 20ಡಬ್ಲ್ಯು-50 ಆಯಿಲ್ ತುಂಬಿ, ಮೇಲಿಂದ ಸದ್ದು ಕಡಿಮೆ ಮಾಡುವ ಒಂದು ಬಾಟಲಿ ದ್ರವವನ್ನೂ ಸುರಿದರು. ಸದ್ದು ಬಹುಪಾಲು ನಿಂತಿತು. ದಪ್ಪ ಆಯಿಲ್ ಸವೆದ ಬೇರಿಂಗಿನ (ತಿರುಗುವ ದಂಡವನ್ನು ಸುತ್ತುವರಿದ ತೆಳು ಲೋಹದ ಪಟ್ಟಿಯ) ಸಂದಿಯಲ್ಲಿ ನಿಂತು ಸದ್ದನ್ನಷ್ಟೇ ಅಡಗಿಸುತ್ತದೆ, ಸವೆತ ಒಳಗೆ ಮುಂದುವರಿಯುತ್ತಲೇ ಇರುತ್ತದೆ ಎಂಬುದನ್ನು ಅಂದು ಯಾರೂ ನನಗೆ ಹೇಳಲಿಲ್ಲ. ಗ್ಯಾರೇಜಿನವರಿಗೆ ಅದು ತಿಳಿದಿರಲೇಬೇಕಿತ್ತು.

ಮಂಗಳೂರಿಗೆ ಹೊರಟ ದಿನ ತಲಪಾಡಿಯಲ್ಲಿ ವಾಹನಗಳ ಸಾಲಿನಲ್ಲಿ ನಿಂತಿದ್ದಾಗ ಆಯಿಲ್ ಪ್ರೆಶರ್ ತಗ್ಗಿದಾಗ ಹೊತ್ತುವ ಕೆಂಪು ದೀಪ ಮಿಣುಕಿತು. ಸ್ವಲ್ಪ ರೇಸ್ ಮಾಡಿದರೆ ಆರುತ್ತಿತ್ತು. ಗ್ಯಾರೇಜಿನವರನ್ನು ಫೋನಿನಲ್ಲಿ ಕೇಳಿದ್ದಕ್ಕೆ, ಸೆನ್ಸರ್ ಹಾಳಾಗಿರಬಹುದು, ಓಡಿಸಿಕೊಂಡು ಹೋಗಿ ಎಂಬ ಉತ್ತರ ಬಂತು. ನಾಲ್ಕೈದು ಕಿಲೋಮೀಟರ್ ಹೋಗುವಷ್ಟರಲ್ಲಿ ಪಿಸ್ಟನ್ನನ್ನು ಕ್ರ್ಯಾಂಕ್ ಎಂಬ ತಿರುಗುವ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ನಿನ ಬ್ಲಾಕನ್ನು ಒಡೆದುಕೊಂಡು ಹೊರಬಂತು. ಹಿಂದಿನ ಸೀಟಿನಲ್ಲಿ ನನ್ನ ಮೊಮ್ಮಗಳಿದ್ದಳು. ಹೆದ್ದಾರಿಯ ನಡುವೆ ಎಂಜಿನ್ ನಿಂತ ಆ ಕ್ಷಣವನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

ಮಂಗಳೂರಿನಲ್ಲಿ ಆಯಿಲ್ ಚೇಂಬರ್ ಬಿಚ್ಚಿದಾಗ ಆಯಿಲ್ ಹೀರುವ ಜಾಲರಿಯ ಮುಕ್ಕಾಲು ಭಾಗವನ್ನು ಕಪ್ಪು ಕೆಸರು ಮುಚ್ಚಿತ್ತು. ಉಳಿದ ಆಯಿಲನ್ನು ಬೆರಳಿನ ನಡುವೆ ಉಜ್ಜಿ ಬಿಸಿಲಿಗೆ ಹಿಡಿದರೆ ಜರಿಯ ಪುಡಿಯಂತೆ ಹೊಳೆಯಿತು. ಅಯಸ್ಕಾಂತ ಹಿಡಿದರೂ ಆ ಪುಡಿ ಅಂಟಲಿಲ್ಲ, ಏಕೆಂದರೆ ಬೇರಿಂಗಿನ ಒಳಮೈ ಕಬ್ಬಿಣದ್ದಲ್ಲ. ತಾಮ್ರ, ತವರ, ಅಲ್ಯೂಮಿನಿಯಂ ಮುಂತಾದವುಗಳ ಮಿಶ್ರಣ.

ಅಲ್ಲಿನ ಹಿರಿಯ ಮೆಕ್ಯಾನಿಕ್ ವಿವರಿಸಿದ ಮೇಲೆ ಸದ್ದುಗಳ ವ್ಯತ್ಯಾಸ ನನಗೆ ತಿಳಿಯಿತು. ಟ್ಯಾಪೆಟಿನ ಸದ್ದು ಹಗುರವಾಗಿ ಮೇಲಿನಿಂದ ಬರುತ್ತದೆ, ಅದರ ಲಯ ಕ್ರ್ಯಾಂಕಿನ ವೇಗದ ಅರ್ಧದಷ್ಟಿರುತ್ತದೆ. ತಣ್ಣಗಿರುವಾಗ ಕೇಳಿಸಿ ಬಿಸಿಯಾದಂತೆ ಮಾಯವಾಗುವುದು ಸಾಮಾನ್ಯವಾಗಿ ಸವೆದ ಪಿಸ್ಟನ್ನಿನದು. ಏರು ಹತ್ತುವಾಗ ಮಾತ್ರ ಕಿಣಿಕಿಣಿ ಎಂದರೆ ಅದು ಪೆಟ್ರೋಲ್ ಹೊತ್ತುವ ಕ್ರಮದ ದೋಷ: ಇಂಗಾಲ ಕಟ್ಟಿರಬಹುದು, ಎಂಜಿನ್ ಅತಿಯಾಗಿ ಬಿಸಿಯಾಗುತ್ತಿರಬಹುದು, ಕಿಡಿಯ ಟೈಮಿಂಗ್ ತಪ್ಪಿರಬಹುದು. ಬೇರಿಂಗಿನ ಸದ್ದು ಕೆಳಗಿನಿಂದ ಬರುತ್ತದೆ, ಬಿಸಿಯಾದಷ್ಟೂ ಹೆಚ್ಚುತ್ತದೆ, ಕಾಲು ಸಡಿಲಿಸಿದಾಗ ಎದ್ದು ಕೇಳಿಸುತ್ತದೆ. ನನ್ನ ಕಾರು ಮೊದಲ ದಿನವೇ ಬೇರಿಂಗಿನ ಲಕ್ಷಣಗಳನ್ನೇ ತೋರಿಸಿತ್ತು.

ಪರೀಕ್ಷೆಯೂ ಕಷ್ಟದ್ದಲ್ಲ. ಬಿಸಿ ಎಂಜಿನ್ನಿನಲ್ಲಿ ಒಂದೊಂದೇ ಸಿಲಿಂಡರಿನ ಕಿಡಿಯನ್ನು ಕೆಲವೇ ಸೆಕೆಂಡು ನಿಲ್ಲಿಸಿದಾಗ ಯಾವುದರಲ್ಲಿ ಬಡಿತ ಸ್ಪಷ್ಟವಾಗಿ ತಗ್ಗುತ್ತದೆಯೋ ಆ ಸಿಲಿಂಡರಿನ ರಾಡ್ ಮೇಲೆ ಸಂಶಯಪಡಬೇಕು. ಹೆಚ್ಚು ಹೊತ್ತು ನಿಲ್ಲಿಸಿದರೆ ಉರಿಯದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹೊಗೆಯ ವಿಷಾಂಶ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಆಯಿಲ್ ಪ್ರೆಶರ್. ಸೆನ್ಸರ್ ಕಳಚಿ ಅದೇ ಜಾಗಕ್ಕೆ ಗೇಜ್ ಕೂರಿಸಿ, ಎಂಜಿನ್ ಬಿಸಿಯಾದ ಮೇಲೆ ಅಳೆದು, ಕಾರಿನ ಸರ್ವಿಸ್ ಪುಸ್ತಕದ ಅಂಕಿಯೊಂದಿಗೆ ಹೋಲಿಸಬೇಕು. ಬೇರಿಂಗ್ ಸವೆತವನ್ನು ಆರಂಭದಲ್ಲೇ ಹಿಡಿದಿದ್ದರೆ ಚೇಂಬರ್ ಬಿಚ್ಚಿ, ಜಾಲರಿ ತೊಳೆದು, ಕ್ರ್ಯಾಂಕಿಗೆ ಗಾಯವಾಗಿರದಿದ್ದರೆ ಹೊಸ ಬೇರಿಂಗ್ ಹಾಕಿ ಮುಗಿಸಬಹುದಿತ್ತು. ನನ್ನದರಲ್ಲಿ ಕ್ರ್ಯಾಂಕೂ ಹೋಯಿತು, ಬ್ಲಾಕೂ ಹೋಯಿತು. ಬಳಸಿದ ಬೇರೊಂದು ಎಂಜಿನ್ ತಂದು ಕೂರಿಸುವ ಖರ್ಚು ಕಾರಿನ ಬೆಲೆಯನ್ನೇ ಮೀರಿದ್ದರಿಂದ ಕಾರನ್ನು ಗುಜರಿಗೆ ಕೊಟ್ಟೆ.

ಗ್ಯಾರೇಜಿಗೆ ಹೋಗುವ ಮೊದಲು ಫೋನ್ ಮಾಡಿ, ಪ್ರೆಶರ್ ಗೇಜ್ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಬೇರೆ ಕಡೆ ವಿಚಾರಿಸಿ. ಕೆಂಪು ದೀಪ ಒಮ್ಮೆ ಮಿಣುಕಿದರೂ ರಸ್ತೆಯ ಬದಿಗೆ ಸರಿದು ಎಂಜಿನ್ ಆರಿಸಿ, ಡಿಪ್ ಸ್ಟಿಕ್ ನೋಡಿ, ಆಯಿಲ್ ಮಟ್ಟ ಸರಿಯಾಗಿದ್ದರೂ ಮತ್ತೆ ಚಾಲೂ ಮಾಡದೆ ಟೋ ಮಾಡಿಸಿಕೊಂಡು ಹೋಗಿ.